ಸೀಟು ಮಗುವಿನದು, ಆಯ್ಕೆ ಊರಿನದು

ಸಿಇಟಿ ಫಲಿತಾಂಶ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಆಪ್ಷನ್ ಎಂಟ್ರಿ ಶುರುವಾಗುತ್ತದೆ. ಯಾವ ಕಾಲೇಜು, ಯಾವ ಕೋರ್ಸು ಎಂಬುದನ್ನು ಆದ್ಯತೆಯ ಪ್ರಕಾರ ಒಂದರ ಕೆಳಗೊಂದು ತುಂಬುತ್ತಾ ಹೋಗಬೇಕು. ಮೊದಲು ಅಣಕು ಸೀಟು ಹಂಚಿಕೆ, ಆಮೇಲೆ ಪಟ್ಟಿ ತಿದ್ದಿಕೊಳ್ಳಲು ಅವಕಾಶ, ಕೊನೆಗೆ ನಿಜವಾದ ಹಂಚಿಕೆ. ಸೀಟು ಬಂದವರಿಗೆ ನಾಲ್ಕು ದಾರಿಗಳಿವೆ. ಒಪ್ಪಿ ಶುಲ್ಕ ಕಟ್ಟಿ ಸೇರುವುದು ಒಂದು. ಒಪ್ಪಿಗೆಯಿದೆ, ಆದರೂ ಮುಂದಿನ ಸುತ್ತು ನೋಡುತ್ತೇನೆ ಎನ್ನುವುದು ಎರಡು. ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎನ್ನುವುದು ಮೂರು. ಪೂರ್ತಿ ಹೊರಬೀಳುವುದು ನಾಲ್ಕು. ನಿಯಮದ ಪ್ರಕಾರ ಇದೆಲ್ಲ ಹದಿನೆಂಟು ವರ್ಷದ ವಿದ್ಯಾರ್ಥಿ ಮಾಡಬೇಕಾದ ತೀರ್ಮಾನ. ಮನೆಯಲ್ಲಿ ನಡೆಯುವುದೇ ಬೇರೆ. ಒಟಿಪಿ ಬರುವುದು ಅಪ್ಪನ ಮೊಬೈಲಿಗೆ. ಹಿಂದಿನ ವರ್ಷದ ಕಟ್ ಆಫ್ ಪಟ್ಟಿಯ ಪ್ರಿಂಟ್ ಹಿಡಿದು ಪಕ್ಕದಲ್ಲಿ ಕೂತವರು ಚಿಕ್ಕಪ್ಪ. ಬೆಂಗಳೂರಿನ ಕಂಪನಿಯಲ್ಲಿರುವ ಸೋದರತ್ತೆಯ ಮಗ ಸ್ಪೀಕರ್ ಫೋನಿನಲ್ಲಿ ‘ಮೊದಲ ಹತ್ತೂ ಕಂಪ್ಯೂಟರ್ ಸೈನ್ಸೇ ಇರಲಿ ಮಾವ, ಆಮೇಲೆ ಇನ್ಫರ್ಮೇಷನ್ ಸೈನ್ಸ್, ಆಮೇಲೆ ಎಐ’ ಎನ್ನುತ್ತಿರುತ್ತಾನೆ. ಓದಬೇಕಾದವಳು ಮೌಸ್ ಹಿಡಿದು ಹೇಳಿದ ಕೋಡ್ ಒತ್ತುತ್ತಿರುತ್ತಾಳೆ.

ಪದವಿ ಕಾಲೇಜಿನಲ್ಲಿ ಪಾಠ ಮಾಡುವ ನಾವು ಇದರ ಮುಂದಿನ ಭಾಗವನ್ನು ನೋಡುತ್ತೇವೆ. ಬೀದರಿನ ಮಗು, ಚಾಮರಾಜನಗರದ ಮಗು, ಮಡಿಕೇರಿಯ ಮಗು ಬೇರೆ ಬೇರೆಯಾಗಿ ಬೆಳೆದಿರುತ್ತವೆ. ಒಬ್ಬನಿಗೆ ಯಂತ್ರ ಬಿಚ್ಚಿ ಜೋಡಿಸುವ ಹುಚ್ಚು, ಒಬ್ಬಳಿಗೆ ಹಳೆಯ ಶಾಸನ ಕಂಡರೆ ಕಣ್ಣರಳುತ್ತದೆ, ಇನ್ನೊಬ್ಬನಿಗೆ ಲೆಕ್ಕಪತ್ರ ಸಲೀಸು. ಆದರೆ ಇವರೆಲ್ಲರ ಆಪ್ಷನ್ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಮೊದಲ ಸಾಲುಗಳು ಒಂದೇ ಕೈಯಲ್ಲಿ ಬರೆದಂತೆ ಕಾಣುತ್ತವೆ. ಇಷ್ಟು ಬೇರೆ ಬೇರೆ ಮಕ್ಕಳು ಒಂದೇ ಪಟ್ಟಿಗೆ ಬಂದು ನಿಂತದ್ದು ಹೇಗೆ?

ಮನುಷ್ಯ ಒಂದು ಕೆಲಸಕ್ಕೆ ಮನಸ್ಸು ಮಾಡುವುದು ಹೇಗೆ ಎಂಬುದನ್ನು ಅಮೆರಿಕದ ಸಾಮಾಜಿಕ ಮನೋವಿಜ್ಞಾನಿ ಐಸೆಕ್ ಐಜೆನ್ ದಶಕಗಳ ಕಾಲ ಅಭ್ಯಾಸ ಮಾಡಿದರು. ಸಹೋದ್ಯೋಗಿ ಮಾರ್ಟಿನ್ ಫಿಶ್‌ಬೈನ್ ಜೊತೆ 1970ರ ದಶಕದಲ್ಲಿ ಆರಂಭಿಸಿದ ಆಲೋಚನೆಯನ್ನು ಬೆಳೆಸಿ 1991ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಇವತ್ತಿಗೂ ಶಿಕ್ಷಣ ಸಂಶೋಧಕರ ಕೈಪಿಡಿಯಂತಿದೆ. ಅವರ ಪ್ರಕಾರ ತೀರ್ಮಾನದ ಹಿಂದೆ ಮೂರು ಎಳೆಗಳಿರುತ್ತವೆ. ಇದರಿಂದ ನನಗೆ ಒಳ್ಳೆಯದಾಗುತ್ತದೆಯೇ ಎಂಬ ನಮ್ಮದೇ ಧೋರಣೆ ಮೊದಲನೆಯದು. ನನಗೆ ಮುಖ್ಯರಾದವರು ನನ್ನಿಂದ ಏನು ಬಯಸುತ್ತಾರೆ ಎಂಬ ಅಂದಾಜು ಎರಡನೆಯದು. ಇದು ನನ್ನಿಂದ ಆದೀತೇ, ನನ್ನ ಕೈಯಲ್ಲಿದೆಯೇ ಎಂಬ ನಂಬಿಕೆ ಮೂರನೆಯದು. ಎರಡನೆಯ ಎಳೆಯ ಬಗ್ಗೆ ಒಂದು ಸೂಕ್ಷ್ಮವಿದೆ. ಅಲ್ಲಿ ಕೆಲಸ ಮಾಡುವುದು ಹತ್ತಿರದವರು ನಿಜವಾಗಿ ಏನು ಹೇಳಿದರು ಎಂಬುದಲ್ಲ, ಅವರ ಮನಸ್ಸಿನಲ್ಲಿ ಏನಿರಬಹುದು ಎಂದು ಮಗು ಊಹಿಸಿಕೊಂಡದ್ದು. ಹಾಗಾಗಿಯೇ ‘ನಾವೇನೂ ಒತ್ತಾಯ ಮಾಡಲಿಲ್ಲ, ಅವಳೇ ಕೇಳಿ ಸೈನ್ಸ್ ತಗೊಂಡಳು’ ಎಂದು ಪೋಷಕರು ಹೇಳುವಾಗ ಅವರು ಸುಳ್ಳಾಡುತ್ತಿರುವುದಿಲ್ಲ. ಅವಳು ಕೇಳುವ ಹೊತ್ತಿಗೆ ಅವಳೊಳಗೆ ಊರೆಲ್ಲ ಮಾತಾಡಿ ಮುಗಿಸಿರುತ್ತದೆ.

ಈ ಮಾತು ಶುರುವಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಎಂಬತ್ತೈದು, ತೊಂಬತ್ತು ಪರ್ಸೆಂಟ್ ಬಂದರೆ ಯಾರೂ ‘ಏನು ತಗೋತೀಯ?’ ಎಂದು ಕೇಳುವುದಿಲ್ಲ, ‘ಎಲ್ಲಿ ಸೈನ್ಸ್ ತಗೋತೀಯ?’ ಎಂದು ಕೇಳುತ್ತಾರೆ. ಎಪ್ಪತ್ತರ ಆಸುಪಾಸಿನಲ್ಲಿದ್ದರೆ ಕಾಮರ್ಸ್. ಅದಕ್ಕಿಂತ ಕಡಿಮೆಯಾದರೆ ಆರ್ಟ್ಸ್, ಇಲ್ಲವೇ ಐಟಿಐ. ಯಾವ ಇಲಾಖೆಯೂ ಇಂಥ ಆದೇಶ ಹೊರಡಿಸಿಲ್ಲ. ಆದರೂ ಹೆಚ್ಚಿನ ಪಿಯು ಕಾಲೇಜಿನ ಪ್ರವೇಶ ಕೌಂಟರಿನಲ್ಲಿ ಇದು ಕಾನೂನಿನಂತೆ ನಡೆಯುತ್ತದೆ. ತೊಂಬತ್ತೆರಡು ಪರ್ಸೆಂಟ್ ತಂದ ಹುಡುಗಿ ಇತಿಹಾಸ, ಅರ್ಥಶಾಸ್ತ್ರ ಬೇಕೆಂದು ಅರ್ಜಿ ಕೊಟ್ಟರೆ, ಅರ್ಜಿ ತೆಗೆದುಕೊಳ್ಳುವ ಗುಮಾಸ್ತರೇ ‘ಇಷ್ಟು ಮಾರ್ಕ್ಸ್ ಇಟ್ಕೊಂಡು ಆರ್ಟ್ಸ್ ಯಾಕಮ್ಮಾ? ಅಪ್ಪಾಜಿನ ಕರ್ಕೊಂಡು ಬಾ’ ಎಂದು ವಾಪಸ್ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ಕೆಟ್ಟವರಲ್ಲ. ಆ ಮಗು ಕೈಯಾರೆ ಭವಿಷ್ಯ ಹಾಳುಮಾಡಿಕೊಳ್ಳುತ್ತಿದೆ ಎಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಸೈನ್ಸ್ ಪರವಾದ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ‘ಸೈನ್ಸ್ ತಗೊಂಡ್ರೆ ಮುಂದೆ ಯಾವುದಕ್ಕೆ ಬೇಕಾದರೂ ಹೋಗಬಹುದು’ ಎಂಬ ಮಾತು ನಮ್ಮ ವ್ಯವಸ್ಥೆಯಲ್ಲಿ ಅಕ್ಷರಶಃ ನಿಜ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವನಿಗೆ ನಾಳೆ ಬಿಎ, ಬಿಕಾಂ, ಕಾನೂನು ಎಲ್ಲವೂ ತೆರೆದಿವೆ. ಕಲಾ ವಿಭಾಗದಲ್ಲಿ ಓದಿದವಳಿಗೆ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯದ ಬಾಗಿಲುಗಳು ಹದಿನಾರನೇ ವಯಸ್ಸಿಗೇ ಮುಚ್ಚಿಹೋಗುತ್ತವೆ. ಹೀಗಿರುವಾಗ ಇನ್ನೂ ಏನೂ ತೀರ್ಮಾನಿಸದ ಮಗುವನ್ನು ಹೆಚ್ಚು ಬಾಗಿಲಿರುವ ಕಡೆ ಕಳಿಸುವುದು ಪೋಷಕರ ಮಟ್ಟಿಗೆ ತರ್ಕಬದ್ಧವೇ. ಪಿಸಿಎಂಬಿ ಕಾಂಬಿನೇಷನ್‌ಗೆ ಇರುವ ಬೇಡಿಕೆಗೂ ಇದೇ ಕಾರಣ. ಡಾಕ್ಟರ್ ಆಗದಿದ್ದರೆ ಎಂಜಿನಿಯರ್, ಅದೂ ಆಗದಿದ್ದರೆ ಬಿಎಸ್ಸಿ, ‘ಯಾವುದಕ್ಕೂ ಇರಲಿ’. ಎರಡು ವರ್ಷ ಗಣಿತ, ಜೀವಶಾಸ್ತ್ರ ಎರಡರ ಭಾರವನ್ನೂ ಹೊತ್ತ ಮಗು ತನಗೆ ಯಾವುದು ಇಷ್ಟ ಎಂದು ನೋಡಿಕೊಳ್ಳುವುದಕ್ಕೇ ಬಿಡುವಿಲ್ಲದೆ ಸಿಇಟಿ, ನೀಟ್ ಎದುರು ಬಂದು ನಿಲ್ಲುತ್ತದೆ.

ಯಾವ ಪದವಿ ದೊಡ್ಡದು ಎಂಬ ಊರಿನ ಲೆಕ್ಕ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಬಿಎ ಮುಗಿಸಿ ಅಮಲ್ದಾರನಾಗುವುದು, ವಕೀಲನಾಗಿ ಕೋಟು ತೊಡುವುದು ಮನೆತನಕ್ಕೆ ಹೆಮ್ಮೆ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅಣೆಕಟ್ಟು, ರಸ್ತೆ, ವಿದ್ಯುತ್ತಿನ ಆ ಯುಗದಲ್ಲಿ ಸಿವಿಲ್ ಎಂಜಿನಿಯರ್ ಎಂದರೆ ನಾಡು ಕಟ್ಟುವವನು. ಇವತ್ತು ಅದೇ ಸಿವಿಲ್ ಶಾಖೆ ಆಪ್ಷನ್ ಪಟ್ಟಿಯ ತಳಕ್ಕೆ ಜಾರಿದೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಹಳ್ಳಿಹಳ್ಳಿಯ ಬಾಯಲ್ಲಿದ್ದ ಮಾತು ಟಿಸಿಎಚ್. ‘ಟಿಸಿಎಚ್ ಮಾಡಿಸಿಬಿಡಿ, ಮೇಷ್ಟ್ರ ಕೆಲಸ ಗ್ಯಾರಂಟಿ’ ಎನ್ನುತ್ತಿದ್ದರು. ಅದು ಡಿ.ಇಡಿ. ಆಯಿತು, ಊರೂರಿಗೆ ಖಾಸಗಿ ಕಾಲೇಜು ಬಂದವು, ನೇಮಕಾತಿ ನಿಧಾನವಾಯಿತು, ಸಾಲು ಸಾಲು ಕಾಲೇಜು ಬಾಗಿಲು ಹಾಕಿದವು. ಊರು ‘ಗ್ಯಾರಂಟಿ’ ಎಂದು ಹೇಳುವ ಹೊತ್ತಿಗೆ ಅದು ಹೆಚ್ಚಾಗಿ ಹಿಂದಿನ ತಲೆಮಾರಿನ ಸುದ್ದಿಯಾಗಿರುತ್ತದೆ. ಇದನ್ನು ಬಲ್ಲವರು ಇಂದು ಐವತ್ತು ದಾಟಿದವರು. ಅವರೇ ಮಕ್ಕಳಿಗೆ ಹೊಸ ಗ್ಯಾರಂಟಿ ಹೇಳುತ್ತಿದ್ದಾರೆ.

ಕಂಪ್ಯೂಟರಿನ ಕಥೆ ಎಲ್ಲರಿಗೂ ಗೊತ್ತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆಯಿತು, ಆಮೇಲಿನದು ನಮ್ಮ ಕಣ್ಣೆದುರಿಗೇ ಬೆಳೆದದ್ದು. ಇದರ ಜೊತೆ ಜೊತೆಗೇ ನಡೆದ ಇನ್ನೊಂದು ಕಥೆಗೆ ಅಷ್ಟು ಪ್ರಚಾರವಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಖಾಸಗಿ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಮೇಲೆ ಕರ್ನಾಟಕ ಖಾಸಗಿ ವೃತ್ತಿಶಿಕ್ಷಣದ ತವರಾಯಿತು. ಮುಂದೆ ಇತರ ಕಾಲೇಜುಗಳೂ ಹೆಚ್ಚಿದವು, ಡೊನೇಷನ್ ಹಾವಳಿಯೂ ಹೆಚ್ಚಿತು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ರಾಜ್ಯ 1984ರಲ್ಲಿ ಕಾಯ್ದೆ ತಂದಿತು. ಆ ಕಾಯ್ದೆಯಡಿ ಹೊರಡಿಸಿದ 1989ರ ಅಧಿಸೂಚನೆಯಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಎಂಬ ಅಂತರವಿತ್ತು. ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಅದನ್ನು ತಳ್ಳಿಹಾಕಿತು. ಮುಂದಿನ ವರ್ಷ ಅದೇ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು ಬಂತು, ಅದರ ಬೆನ್ನಿಗೆ 1994ರಲ್ಲಿ ರ‍್ಯಾಂಕ್ ನೋಡಿ ಸೀಟು ಹಂಚುವ ಸಿಇಟಿ.

ಸಿಇಟಿ ನಮ್ಮ ನಾಡಿನ ದೊಡ್ಡ ನ್ಯಾಯಗಳಲ್ಲಿ ಒಂದು. ಕೂಲಿ ಮಾಡುವವರ ಮಗಳು ರ‍್ಯಾಂಕ್ ಒಂದರ ಬಲದಿಂದ ಸರ್ಕಾರಿ ಶುಲ್ಕದಲ್ಲಿ ಒಳ್ಳೆಯ ಕಾಲೇಜಿಗೆ ಹೋಗುವಂತಾಯಿತು. ಗ್ರಾಮೀಣ ಅಭ್ಯರ್ಥಿಗಳಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿಯೂ ಸಿಕ್ಕಿತು. ಆದರೆ ನ್ಯಾಯದ ಬೆನ್ನಿಗೇ ಒತ್ತಡವೂ ಬಂತು. ಸೀಟು ದುಡ್ಡಿದ್ದವರ ಸೊತ್ತಾಗಿದ್ದಾಗ ಉಳಿದವರ ಮಕ್ಕಳನ್ನು ಯಾರೂ ‘ನಿನಗ್ಯಾಕೆ ಬರಲಿಲ್ಲ?’ ಎಂದು ಕೇಳುತ್ತಿರಲಿಲ್ಲ. ಎಲ್ಲರಿಗೂ ಸಿಗಬಹುದು ಎಂದಾದ ಮೇಲೆ ಎಲ್ಲರೂ ತರಲೇಬೇಕು ಎಂದಾಯಿತು. ಅವಕಾಶ ಹಳ್ಳಿಗೆ ಬಂದ ದಿನವೇ ಹೋಲಿಕೆಯೂ ಹಳ್ಳಿಗೆ ಬಂತು. ನೀಟ್ ಬಂದ ಮೇಲೆ ಈ ಹೋಲಿಕೆ ದೇಶದಗಲ ಹಬ್ಬಿದೆ: 2024ರಲ್ಲಿ ದೇಶದಾದ್ಯಂತ 23 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು, ಎಂಬಿಬಿಎಸ್ ಸೀಟುಗಳಿದ್ದದ್ದು ಲಕ್ಷದ ಮೇಲೆ ಸ್ವಲ್ಪ.

ಈ ಒತ್ತಡ ಕಣ್ಣಿಗೆ ಹೇಗೆ ಕಾಣುತ್ತದೆ? ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಜೂನ್ ತಿಂಗಳಲ್ಲಿ ನಿಂತು ನೋಡಿ. ಕಾಲೇಜೊಂದರ ಫ್ಲೆಕ್ಸ್, ಅದರಲ್ಲಿ ಪಾಸ್‌ಪೋರ್ಟ್ ಅಳತೆಯ ಅರವತ್ತು ಎಪ್ಪತ್ತು ಮುಖಗಳು, ಪ್ರತಿ ಮುಖದ ಕೆಳಗೆ ಅಂಕ ಅಥವಾ ರ‍್ಯಾಂಕ್. ಪಕ್ಕದ ಫ್ಲೆಕ್ಸಿನಲ್ಲಿ ‘ನಮ್ಮೂರಿನ ಹೆಮ್ಮೆ, ಎಂಬಿಬಿಎಸ್ ಸೀಟು ಪಡೆದ ಕುಮಾರಿಗೆ ಅಭಿನಂದನೆಗಳು’, ಸುತ್ತಲೂ ಶುಭ ಕೋರುವವರ ಚಿತ್ರಗಳು. ಭಾನುವಾರ ಸಮುದಾಯ ಭವನದಲ್ಲಿ ಸಂಘದ ಪ್ರತಿಭಾ ಪುರಸ್ಕಾರ. ಶೇಕಡ ತೊಂಬತ್ತಕ್ಕೆ ಮೇಲ್ಪಟ್ಟವರಿಗೆ ಶಾಲು, ಸ್ಮರಣಿಕೆ, ನಗದು. ವೇದಿಕೆಯ ಮೇಲೆ ಹೆಸರು ಕರೆಯುವಾಗ ‘ಮುಂದೇನು ಮಾಡಬೇಕು ಅಂತಿದ್ದೀಯಮ್ಮಾ?’ ಎಂದು ಮೈಕು ಹಿಡಿಯುತ್ತಾರೆ. ನೂರಾರು ನೆಂಟರ ಎದುರು, ಕ್ಯಾಮೆರಾದ ಎದುರು, ಹದಿನೈದು ವರ್ಷದ ಮಗು ‘ಡಾಕ್ಟರ್’ ಎನ್ನುತ್ತದೆ. ಚಪ್ಪಾಳೆ ಬೀಳುತ್ತದೆ. ‘ಇನ್ನೂ ಗೊತ್ತಿಲ್ಲ ಸರ್’ ಎಂಬ ಪ್ರಾಮಾಣಿಕ ಉತ್ತರಕ್ಕೆ ಆ ವೇದಿಕೆಯಲ್ಲಿ ಜಾಗವಿಲ್ಲ. ಒಮ್ಮೆ ಮೈಕಿನಲ್ಲಿ ಹೇಳಿದ ಮಾತನ್ನು ಎರಡು ವರ್ಷದ ನಂತರ ಬದಲಿಸಬೇಕಾದರೆ ಅದು ಕೋರ್ಸಿನ ಬದಲಾವಣೆಯಾಗಿ ಉಳಿಯುವುದಿಲ್ಲ, ಸಭೆಯ ಎದುರು ಸೋತಂತಾಗುತ್ತದೆ. ಜಾತ್ರೆಯ ತೇರಿನ ಹಗ್ಗಕ್ಕೆ ಊರೆಲ್ಲ ಕೈಹಾಕಿದಂತೆ ಇದು. ತೇರು ಸಾಗುತ್ತದೆ, ಎಳೆದವರು ಯಾರೆಂದು ಕೇಳಿದರೆ ಒಬ್ಬರ ಹೆಸರೂ ಸಿಗುವುದಿಲ್ಲ.

ಮತ್ತೊಂದು ಒತ್ತಡಕ್ಕೆ ಸದ್ದೇ ಇಲ್ಲ. ಬೇರೆಯವರು ಏನು ಮೆಚ್ಚುತ್ತಾರೆ ಎಂಬುದು ಒಂದು ಬಗೆಯ ಒತ್ತಡ, ಬೇರೆಯವರು ಏನು ಮಾಡುತ್ತಿದ್ದಾರೆ ಎಂಬುದು ಇನ್ನೊಂದು ಬಗೆಯದು ಎಂದು ಮನೋವಿಜ್ಞಾನಿ ರಾಬರ್ಟ್ ಚಾಲ್ಡಿನಿ ವಿಂಗಡಿಸುತ್ತಾರೆ. ಮೊದಲ ಸಲ ಕಾಲೇಜು ಕಂಡ ಮನೆಗಳಲ್ಲಿ ಎರಡನೆಯದೇ ಬಲವಾದದ್ದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರವೇಶದ ದಿನ ಒಂದೇ ಊರಿನ ನಾಲ್ಕು ಹುಡುಗಿಯರು ಒಟ್ಟಿಗೆ ಬರುತ್ತಾರೆ. ಮೊದಲನೆಯವಳು ಬಿಎ ಎಂದರೆ ನಾಲ್ವರೂ ಬಿಎ. ಬಸ್ಸು ಒಂದೇ, ಬರುವ ಹೊತ್ತು ಹೋಗುವ ಹೊತ್ತು ಒಂದೇ ಆಗಬೇಕು. ‘ನಿನಗೆ ಲೆಕ್ಕದಲ್ಲಿ ಚೆನ್ನಾಗಿದೆಯಲ್ಲಾ, ಬಿಎಸ್ಸಿಗೆ ಯಾಕೆ ಬರಬಾರದು?’ ಎಂದರೆ ‘ಪ್ರಾಕ್ಟಿಕಲ್ ಮುಗಿಯೋ ಹೊತ್ತಿಗೆ ನಮ್ಮೂರ ಬಸ್ಸು ಹೋಗಿರ್ತದೆ ಸರ್, ಒಬ್ಬಳನ್ನೇ ಬಿಡಲ್ಲ’ ಎಂಬ ಉತ್ತರ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ. ಟಿಕೆಟ್ಟಿನ ಚಿಂತೆ ಹೋಯಿತು. ಸಂಜೆ ಆರರ ಮೇಲೆ ಬಸ್ಸೇ ಇಲ್ಲದ ಊರಿನ ಹುಡುಗಿಗೆ ಭೌತಶಾಸ್ತ್ರ ಇನ್ನೂ ದೂರದಲ್ಲೇ ಇದೆ. ಐಜೆನ್ ಹೇಳಿದ ಮೂರನೆಯ ಎಳೆ, ಇದು ನನ್ನ ಕೈಯಲ್ಲಿದೆಯೇ ಎಂಬುದು, ನಮ್ಮಲ್ಲಿ ಎಷ್ಟೋ ಸಲ ಬಸ್ಸಿನ ವೇಳಾಪಟ್ಟಿಯ ರೂಪದಲ್ಲಿರುತ್ತದೆ.

ಹೆಣ್ಣುಮಕ್ಕಳಿಗೆ ವಿಜ್ಞಾನ ಒಗ್ಗುವುದಿಲ್ಲ ಎಂಬ ಹಳೆಯ ಮಾತನ್ನು ಅಂಕಿಅಂಶಗಳೇ ಸುಳ್ಳು ಮಾಡಿವೆ. ಕೇಂದ್ರ ಶಿಕ್ಷಣ ಸಚಿವಾಲಯದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿಜ್ಞಾನ ವಿಭಾಗಗಳಲ್ಲಿ ಓದುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.8 ಲಕ್ಷ ಹೆಣ್ಣುಮಕ್ಕಳು, ಅರ್ಧಕ್ಕಿಂತ ಹೆಚ್ಚು. ಎಂಜಿನಿಯರಿಂಗ್‌ಗೆ ಬಂದರೆ ಪಾಲು ನೂರಕ್ಕೆ ಸುಮಾರು 29ಕ್ಕೆ ಇಳಿಯುತ್ತದೆ. ವಿಜ್ಞಾನ ಬಲ್ಲ ಹುಡುಗಿ ಎಂಜಿನಿಯರಿಂಗ್ ಬಾಗಿಲಲ್ಲಿ ನಿಂತುಬಿಡುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಮನೆಯಲ್ಲಿ ಒಂದೇ ದುಬಾರಿ ಸೀಟಿಗೆ ದುಡ್ಡಿದ್ದರೆ ಅದು ಮಗನಿಗೆ. ಮಗಳಿಗೆ ಬಿಎಸ್ಸಿ, ಆಮೇಲೆ ಬಿ.ಇಡಿ., ‘ಟೀಚರ್ ಕೆಲಸ ಹೆಣ್ಮಕ್ಕಳಿಗೆ ಸೇಫು, ಮದುವೆ ಆದ್ಮೇಲೂ ಮಾಡಬಹುದು’. ಹೆಚ್ಚು ಓದಿಸಿದರೆ ಅವಳಿಗಿಂತ ಹೆಚ್ಚು ಓದಿದ ಗಂಡು ಹುಡುಕಬೇಕು ಎಂಬ ಲೆಕ್ಕವೂ ಅದರೊಳಗಿರುತ್ತದೆ. ಗಂಡುಮಕ್ಕಳ ಪದವಿಯನ್ನು ಕೆಲಸಕ್ಕಾಗಿ, ಹೆಣ್ಣುಮಕ್ಕಳ ಪದವಿಯನ್ನು ಸಂಬಂಧಕ್ಕಾಗಿ ಆರಿಸುವ ಮನೆಗಳು ಕಡಿಮೆಯಾಗುತ್ತಿವೆ, ಇಲ್ಲವಾಗಿಲ್ಲ.

ಈ ಎಲ್ಲದರ ದೊಡ್ಡ ಪೆಟ್ಟು ಬಿದ್ದಿರುವುದು ಕಲಾ ವಿಭಾಗಕ್ಕೆ, ಮತ್ತು ನನಗೆ ಹೆಚ್ಚು ನೋವಾಗುವುದು ಇಲ್ಲೇ. ಅದೇ ಸಮೀಕ್ಷೆಯ ಪ್ರಕಾರ ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಶೇ 34.2ರಷ್ಟು ಮಂದಿ ಓದುತ್ತಿರುವುದು ಕಲಾ ವಿಷಯಗಳನ್ನು. ಎಂಜಿನಿಯರಿಂಗ್, ತಂತ್ರಜ್ಞಾನದಲ್ಲಿರುವವರು ಶೇ 11.8. ಅಂದರೆ ನಾವು ಹಗಲಿರುಳು ಮಾತಾಡುವುದು ಎಂಟರಲ್ಲಿ ಒಬ್ಬರ ಬಗ್ಗೆ. ಮೂವರಲ್ಲಿ ಒಬ್ಬರ ಬಗ್ಗೆ ಮಾತೇ ಇಲ್ಲ. ‘ಬೇರೆಲ್ಲೂ ಸಿಗದವರು ಹೋಗುವ ಕಡೆ’ ಎಂಬ ಹಣೆಪಟ್ಟಿ ಹಚ್ಚಿದ ವಿಭಾಗಕ್ಕೆ ಯಾರು ಗಮನ ಕೊಡುತ್ತಾರೆ? ಖಾಲಿ ಹುದ್ದೆ ತುಂಬುವುದಿಲ್ಲ, ಗ್ರಂಥಾಲಯಕ್ಕೆ ಹೊಸ ಪುಸ್ತಕ ಬರುವುದಿಲ್ಲ. ಮಕ್ಕಳೂ ತಮ್ಮ ಬಗ್ಗೆ ಅದನ್ನೇ ನಂಬುತ್ತಾರೆ. 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ವಿಜ್ಞಾನ ವಿಭಾಗದ ಫಲಿತಾಂಶ ಶೇ 82 ದಾಟಿತು, ಕಲಾ ವಿಭಾಗದ್ದು ಶೇ 53ರ ಆಸುಪಾಸಿನಲ್ಲಿ ನಿಂತಿತು. ಇತಿಹಾಸ, ರಾಜ್ಯಶಾಸ್ತ್ರ ಭೌತಶಾಸ್ತ್ರಕ್ಕಿಂತ ಕಷ್ಟ ಎಂದು ಯಾರೂ ಹೇಳಲಾರರು. ಕಡಿಮೆ ಅಂಕದವರನ್ನೆಲ್ಲ ಒಂದು ಕಡೆ ಸೇರಿಸಿ, ‘ನಿಮ್ಮಿಂದ ಏನೂ ನಿರೀಕ್ಷೆಯಿಲ್ಲ’ ಎಂದು ಎರಡು ವರ್ಷ ಹೇಳುತ್ತಾ ಬಂದರೆ ಬರುವ ಫಲಿತಾಂಶ ಇದು.

ಬೇರೆ ಥರ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಕೊಟ್ಟೂರು ನೋಡಬೇಕು. ವಿಜಯನಗರ ಜಿಲ್ಲೆಯ ಆ ಪುಟ್ಟ ಪಟ್ಟಣದ ಇಂದೂ ಪದವಿಪೂರ್ವ ಕಾಲೇಜಿನ ಮಕ್ಕಳು ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲಿಗರಾಗಿ ಮತ್ತೆ ಮತ್ತೆ ಸುದ್ದಿಯಾಗಿದ್ದಾರೆ. ಅಲ್ಲಿ ಆರ್ಟ್ಸ್ ಎಂದರೆ ತಲೆ ತಗ್ಗಿಸುವ ವಿಷಯವಲ್ಲ, ರ‍್ಯಾಂಕ್ ತರುವ ವಿಷಯ. ಸಿಲೆಬಸ್ ಅದೇ, ಪ್ರಶ್ನೆಪತ್ರಿಕೆ ಅದೇ.

ಇನ್ನು ಧಾರವಾಡದ ಸಪ್ತಾಪುರಕ್ಕೆ ಹೋಗಿ ಯಾವುದಾದರೂ ಓದುವ ಕೋಣೆಗೆ ಕಾಲಿಡಿ. ಪ್ಲೈವುಡ್ ಅಡ್ಡಗೋಡೆ ಹಾಕಿದ ಪುಟ್ಟ ಪುಟ್ಟ ಗೂಡುಗಳಲ್ಲಿ, ತಿಂಗಳಿಗಿಷ್ಟು ಬಾಡಿಗೆ ಕೊಟ್ಟು, ನೂರಾರು ಯುವಕ ಯುವತಿಯರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುತ್ತಿರುತ್ತಾರೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ಅವರಲ್ಲಿ ಎಷ್ಟೋ ಮಂದಿ ಬಿಇ ಮುಗಿಸಿದವರು. ಮೇಜಿನ ಮೇಲಿರುವುದು ಕರ್ನಾಟಕದ ಇತಿಹಾಸ, ಭಾರತದ ಸಂವಿಧಾನ, ಅರ್ಥಶಾಸ್ತ್ರ, ಭೂಗೋಳ. ಹದಿನಾರನೇ ವಯಸ್ಸಿನಲ್ಲಿ ‘ಅದನ್ನು ಓದಿ ಏನು ಮಾಡ್ತೀಯ?’ ಎಂದು ಯಾವ ಪುಸ್ತಕಗಳಿಂದ ಅವರನ್ನು ದೂರ ಎಳೆದೊಯ್ದರೋ ಅದೇ ಪುಸ್ತಕಗಳ ಎದುರು ಇಪ್ಪತ್ತೈದರಲ್ಲಿ ಕೂತಿದ್ದಾರೆ, ನಾಲ್ಕು ವರ್ಷದ ಎಂಜಿನಿಯರಿಂಗ್ ಸಾಲ ಬೆನ್ನಿಗಿಟ್ಟುಕೊಂಡು.

ಹಾಗೆಂದು ಅಪ್ಪ ಅಮ್ಮಂದಿರನ್ನು ಕಟಕಟೆಗೆ ತಂದು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ರಾಜಸ್ಥಾನದ ಕೋಚಿಂಗ್ ನಗರಿ ಕೋಟಾದಲ್ಲಿ ಮಕ್ಕಳ ಸಾವು ಹೆಚ್ಚಿದಾಗ ಕೋಚಿಂಗ್ ಕೇಂದ್ರಗಳಿಗೆ ಕಡಿವಾಣ ಹಾಕಬೇಕೆಂದು 2023ರ ನವೆಂಬರ್‌ನಲ್ಲಿ ಅರ್ಜಿ ಬಂದಿತ್ತು. ಸಮಸ್ಯೆ ಪೋಷಕರ ನಿರೀಕ್ಷೆಯಲ್ಲಿದೆ ಎಂಬರ್ಥದ ಮಾತನ್ನು ಆಗ ಸುಪ್ರೀಂ ಕೋರ್ಟ್ ಆಡಿತು. ಅದು ಅರ್ಧ ಸತ್ಯ ಮಾತ್ರ. ಇನ್ನರ್ಧ ಇಲ್ಲಿದೆ: ಕೊಪ್ಪಳದಲ್ಲೋ ರಾಯಚೂರಿನಲ್ಲೋ ಎರಡು ಎಕರೆ ಮಾರಿ, ಮಗನನ್ನು ಕರಾವಳಿಯ ಇಂಟಿಗ್ರೇಟೆಡ್ ಪಿಯು ಹಾಸ್ಟೆಲಿಗೆ ಲಕ್ಷಗಟ್ಟಲೆ ಕಟ್ಟಿ ಸೇರಿಸುವ ರೈತನಿಗೆ ಪ್ರತಿಷ್ಠೆಯ ಹುಚ್ಚು ಹಿಡಿದಿದೆಯೆಂದು ಹೇಳುವುದು ಅನ್ಯಾಯ. ಮಳೆ ನಂಬಿ ಬದುಕಿದವನು ಮಗನಿಗಾದರೂ ತಿಂಗಳ ಸಂಬಳ ಇರಲಿ ಎನ್ನುತ್ತಾನೆ. ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದವರ ಮಗಳು ಸಾಹಿತ್ಯ ಓದಿ ಎರಡು ವರ್ಷ ದಾರಿ ಹುಡುಕಬಹುದು, ಎಡವಿದರೆ ಮನೆಯಿದೆ. ಎಡವಿದರೆ ಏನೂ ಇಲ್ಲದ ಮನೆಯಲ್ಲಿ ‘ನಿನಗಿಷ್ಟವಾದದ್ದು ಓದು’ ಎಂಬ ಮಾತು ಬಾಯಿಗೆ ಬರುವುದು ಕಷ್ಟ. ಇಷ್ಟದ ಆಯ್ಕೆ ನಮ್ಮ ಸಮಾಜದಲ್ಲಿ ಇನ್ನೂ ಉಳ್ಳವರ ಸವಲತ್ತಾಗಿಯೇ ಉಳಿದಿದೆ.

ಸರ್ಕಾರಗಳ ನಡೆಯೂ ಈ ಭಯವನ್ನು ಕಡಿಮೆ ಮಾಡಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ನಾಲ್ಕು ವರ್ಷದ ಆನರ್ಸ್ ಬಂತು, ಬೇರೆ ವಿಭಾಗದ ವಿಷಯವನ್ನೂ ಓದುವ ಮುಕ್ತ ಆಯ್ಕೆ ಬಂತು. 2024ರ ಮೇ ತಿಂಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವ ನೀತಿ ಸರಿ ಎಂಬ ಚರ್ಚೆ ಬೇರೆ. ಹಳ್ಳಿಯ ಪೋಷಕರು ಇದರಿಂದ ಕಲಿತ ಪಾಠ ಒಂದೇ: ಹೊಸ ದಾರಿಯಲ್ಲಿ ಮಗುವನ್ನು ಬಿಟ್ಟರೆ ನಡುವೆ ದಾರಿಯೇ ತಿರುಗಬಹುದು, ನಾಲ್ಕು ಜನ ಹೋದ ದಾರಿಯೇ ಕ್ಷೇಮ. ಅತ್ತ 2024–25ರಿಂದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಒಳ್ಳೆಯ ಸಾಧನೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಸೀಟುಗಳ ಮಿತಿಯನ್ನೇ ತೆಗೆದುಹಾಕಿತು. ನಗರದ ದೊಡ್ಡ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಹಿಗ್ಗಿಸುತ್ತಿದ್ದರೆ, ಜಿಲ್ಲೆಗಳ ಕಾಲೇಜುಗಳಲ್ಲಿ ಮೆಕ್ಯಾನಿಕಲ್, ಸಿವಿಲ್ ಬೆಂಚುಗಳು ಖಾಲಿಯಾಗುತ್ತಿವೆ.

ತನ್ನದಲ್ಲದ ಆಯ್ಕೆಯೊಳಗೆ ಸಿಕ್ಕಿಕೊಂಡ ಮಗುವಿಗೆ ಏನಾಗುತ್ತದೆ ಎಂಬುದನ್ನು ತರಗತಿಯಲ್ಲಿ ನೋಡಿದವರಿಗೆ ವಿವರಿಸಬೇಕಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ಬ್ಯಾಕ್‌ಲಾಗ್, ಮುಂದಿನದರಲ್ಲಿ ನಾಲ್ಕು, ಮನೆಗೆ ಫೋನ್ ಮಾಡುವುದು ಕಡಿಮೆ, ಹಬ್ಬಕ್ಕೂ ಊರಿಗೆ ಹೋಗದಿರುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಅವರೆಲ್ಲರ ಕಾರಣ ಕೋರ್ಸಿನ ಆಯ್ಕೆಯಲ್ಲ. ಒಂದೊಂದು ಸಾವಿನ ಹಿಂದೆ ಹಲವು ಸಂಗತಿಗಳಿರುತ್ತವೆ. ಆದರೆ ‘ನನ್ನಿಂದ ಆಗುತ್ತಿಲ್ಲ, ಬೇರೆ ಓದುತ್ತೇನೆ’ ಎಂದು ಹೇಳಲು ಜಾಗವಿಲ್ಲದ ಮನೆಯಲ್ಲಿ ಮಗು ಒಂಟಿಯಾಗುತ್ತದೆ ಎಂಬುದಂತೂ ಖಂಡಿತ. ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಭಾರ ಇದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ದಾರಿ ಬದಲಿಸುವುದು ಸೋಲಲ್ಲ ಎಂದು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬದಲಿಸಲು ಬಾಗಿಲಿರಬೇಕು. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದಾಗ ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಬದುಕಿದ್ದು ನಾಟಕಕಾರರಾಗಿ. ಗಣಿತ ಓದಿದವನಿಗೆ ತತ್ವಶಾಸ್ತ್ರದ ಬಾಗಿಲು ತೆರೆಯಿತು ಎಂಬುದು ಇಲ್ಲಿ ಮುಖ್ಯ. ಕಲಾ ವಿಭಾಗದ ವಿದ್ಯಾರ್ಥಿನಿಗೆ ಒಂದು ವರ್ಷದ ಸೇತು ಕೋರ್ಸ್ ಮಾಡಿ ವಿಜ್ಞಾನಕ್ಕೆ ಬರುವ ದಾರಿಯಿದ್ದರೆ, ಹದಿನಾರರ ತೀರ್ಮಾನಕ್ಕೆ ಇಷ್ಟು ಭಯ ಇರುತ್ತಿರಲಿಲ್ಲ, ಭಯವಿಲ್ಲದಿದ್ದರೆ ಇಷ್ಟು ಒತ್ತಡವೂ ಇರುತ್ತಿರಲಿಲ್ಲ.

ಇನ್ನೊಂದು ಕೆಲಸ ಇದಕ್ಕಿಂತ ಸುಲಭ. ಪ್ರೌಢಶಾಲೆಯ ಮಗುವಿಗೆ ಕೆಲಸಗಳನ್ನು ಹತ್ತಿರದಿಂದ ತೋರಿಸಬೇಕು. ಕಂಪ್ಯೂಟರ್ ಎಂಜಿನಿಯರ್ ಆಗುತ್ತೇನೆ ಎನ್ನುವ ಎಷ್ಟು ಮಕ್ಕಳು ಒಬ್ಬ ಎಂಜಿನಿಯರ್ ದಿನವಿಡೀ ಏನು ಮಾಡುತ್ತಾನೆಂದು ನೋಡಿದ್ದಾರೆ? ಕೃಷಿ ಪದವಿಗೆ ಕೃಷಿಕರ ಕೋಟಾದಲ್ಲಿ ಅರ್ಜಿ ಹಾಕಿದವರಿಗೆ ನಮ್ಮಲ್ಲಿ ಪ್ರಾಯೋಗಿಕ ಪರೀಕ್ಷೆಯಿದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು, ಹೊಲದ ಕೆಲಸ ಗೊತ್ತಿರಬೇಕು. ಉಳಿದ ಕೋರ್ಸುಗಳಿಗೆ ಹೋಗುವವರು ಆ ಕೆಲಸವನ್ನು ದೂರದಿಂದಲೂ ಕಂಡಿರುವುದಿಲ್ಲ. ಒಂಬತ್ತನೇ ತರಗತಿಯ ಬೇಸಿಗೆ ರಜೆಯಲ್ಲಿ ಒಂದು ವಾರ ತಾಲ್ಲೂಕು ಆಸ್ಪತ್ರೆ, ಒಂದು ವಾರ ವಕೀಲರ ಕಚೇರಿ, ಒಂದು ವಾರ ವರ್ಕ್‌ಶಾಪು. ಇದಕ್ಕೆ ದೊಡ್ಡ ಅನುದಾನ ಬೇಡ, ಮುಖ್ಯೋಪಾಧ್ಯಾಯರ ಒಂದು ಪತ್ರ ಸಾಕು. ತಾಲ್ಲೂಕಿಗೊಬ್ಬ ತರಬೇತಾದ ಮಾರ್ಗದರ್ಶಕರಿದ್ದರೆ ಇನ್ನೂ ಒಳ್ಳೆಯದು. ಇವತ್ತು ಆ ಜಾಗದಲ್ಲಿ ಕೂತಿರುವುದು ಕೋಚಿಂಗ್ ಕೇಂದ್ರದ ಕಮಿಷನ್ ಏಜೆಂಟರು.

ಕೊನೆಯದಾಗಿ ಪೋಷಕರನ್ನಲ್ಲ, ಉಳಿದ ನಮ್ಮೆಲ್ಲರನ್ನು ಉದ್ದೇಶಿಸಿ ಒಂದು ಮಾತು. ನೆಂಟರು, ನೆರೆಯವರು, ಮೇಷ್ಟ್ರುಗಳು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಆ ಮಗು ಊಹಿಸಿಕೊಳ್ಳುವ ‘ನಾಲ್ಕು ಜನ’ ನಾವೇ. ಈ ಸಲ ಯಾರಾದರೂ ‘ಆರ್ಟ್ಸ್ ತಗೊಂಡೆ’ ಅಥವಾ ‘ಐಟಿಐ ಸೇರಿದೆ’ ಎಂದರೆ ‘ಅಯ್ಯೋ, ಮಾರ್ಕ್ಸ್ ಬರಲಿಲ್ವಾ?’ ಎಂದು ದಯವಿಟ್ಟು ಕೇಳಬೇಡಿ. ‘ಹೌದಾ, ಯಾವ್ಯಾವ ವಿಷಯ ಇದೆ, ನಿನಗೆ ಯಾವುದು ಇಷ್ಟ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಿವಿಗೊಡಿ.